ಇಬ್ಬರಲ್ಲಿ ಒಬ್ಬರಿಗೆ ಭಯ

ಅಮ್ಮನಿಗೆ ನನ್ನ ಬೈಕಿನ ಹಿಂದೆ ಕೂರಲು ಭಯ ಶುರುವಾದದ್ದು ಯಾವಾಗ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಗಾಡಿ ಕಲಿತ ಹೊಸತರಲ್ಲಿ ನಮ್ಮೂರು ಕೈಲಾಂಚದಿಂದ ರಾಮನಗರದ ಸಂತೆಗೆ ಹೋಗುವಾಗ ಅವಳು ಹಿಂದೆ ಕೂತು ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಗೇರು ಹಾಕಲು ತಡಬಡಾಯಿಸಿ ಇಂಜಿನ್ ಆಫ್ ಮಾಡಿಕೊಂಡರೆ ನಗುತ್ತಿದ್ದಳು. ಈಗ ಆ ರಸ್ತೆ ನನಗೆ ಅಂಗೈ ಗೆರೆಯಷ್ಟು ಗೊತ್ತು; ಇಷ್ಟು ವರ್ಷದಲ್ಲಿ ಒಂದು ಸಲವೂ ಬಿದ್ದವನಲ್ಲ. ಆದರೆ ಈಗ ಅವಳು ಮಾತೇ ಆಡುವುದಿಲ್ಲ. ನನ್ನ ಭುಜ ಹಿಡಿದರೆ ಇಳಿಯುವವರೆಗೂ ಬಿಡುವುದಿಲ್ಲ.

ವಯಸ್ಸಾಯಿತಲ್ಲ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಆದರೆ ನನ್ನ ತಂಗಿ ಸ್ಕೂಟರ್ ಕಲಿತದ್ದು ಮೊನ್ನೆ ಮೊನ್ನೆ. ಎರಡೂ ಕಾಲನ್ನು ನೆಲಕ್ಕೆ ಉಜ್ಜಿಕೊಂಡೇ ಹೋಗುವವಳು. ಅಂಥವಳ ಹಿಂದೆ ಅಮ್ಮ ಕಡಲೆಕಾಯಿ ಸುಲಿದು ತಿನ್ನುತ್ತ ಬಂದಿಳಿದದ್ದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ, ಇದೇನಿರಬಹುದು ಎಂಬ ಹುಳ ತಲೆಯೊಳಗೆ ಹೊಕ್ಕಿತು. ಕೇಳಿದರೆ, "ಅಂಗೇನಿಲ್ಲ ಬುಡು" ಎಂದು ಜಾರಿಕೊಂಡಳು.

ಅದು ಹುರುಳಿ ಕೀಳುವ ಕಾಲ. ನಮ್ಮ ಕಡೆ ಹುರುಳಿ ಗಿಡವನ್ನು ಡಾಂಬರಿನ ಮೇಲೆ ಹರಡಿಬಿಡುತ್ತಾರೆ. ಬಸ್ಸು, ಲಾರಿ ಹರಿದು ಕಾಳು ಉದುರುತ್ತದೆ, ಪುಕ್ಕಟೆ ಒಕ್ಕಣೆ. ದೊಡ್ಡ ಗಾಡಿಗಳಿಗೆ ಅದೇನೂ ಅಲ್ಲ, ಬೈಕಿನವರಿಗೆ ಮಾತ್ರ ಕಾಳು ಚಕ್ರದಡಿ ಗೋಲಿಯಂತೆ ಉರುಳುತ್ತದೆ. ಹೊಸತರಲ್ಲಿ ನಾನು ಅದನ್ನು ಕಂಡರೆ ನಿಲ್ಲಿಸಿ, ಅಮ್ಮನನ್ನು ಇಳಿಸಿ, ಗಾಡಿ ತಳ್ಳಿಕೊಂಡು ದಾಟುತ್ತಿದ್ದೆ. ಬರಬರುತ್ತ ನಿಲ್ಲಿಸುವುದು ಬಿಟ್ಟುಹೋಯಿತು. ಒಂದು ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಸಂತೆಗೆ ಹೊರಟಾಗಲೂ ಟೊಮೆಟೊ ದರದ ಬಗ್ಗೆ ಮಾತಾಡುತ್ತಲೇ ಹುರುಳಿಯ ಮೇಲೆ ನುಗ್ಗಿದೆ. ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು, ಹ್ಯಾಂಡಲ್ ತಾನೇ ಸರಿಹೋಯಿತು. ನಾನು ಮಾತು ನಿಲ್ಲಿಸಲೂ ಇಲ್ಲ.

"ನಿಲ್ಸು" ಎಂದಳು ಅಮ್ಮ. ಇಳಿದು ಮೋರಿ ಕಟ್ಟೆಯ ಮೇಲೆ ಕೂತಳು. "ನೀನ್ ಹೋಗಪ್ಪ. ನಾನ್ ಬಸ್ಸಲ್ ಬತ್ತೀನಿ. ಇನ್ಮೇಲೆ ನಿನ್ ಹಿಂದೆ ಕೂರಕಿಲ್ಲ."

"ಅವ್ಳ್ ಹಿಂದೆ ಕಡ್ಲೆಕಾಯ್ ತಿನ್ಕಂಡ್ ಬತ್ತೀಯ, ನನ್ನ ಹಿಂದೆ ಭಯವಾ?" ಎಂದೆ ಸಿಟ್ಟಿನಲ್ಲಿ.

"ಅವ್ಳ್ಗೆ ಭಯ ಐತೆ, ಅದ್ಕೇ ನಂಗಿಲ್ಲ. ನಿಂಗೂ ಮುಂಚೆ ಇತ್ತು, ಈಗ ಬುಟ್ಬುಟ್ಟೆ. ಗಾಡಿ ಮೇಲೆ ಇಬ್ರಲ್ಲಿ ಒಬ್ರಾದ್ರೂ ಹೆದ್ರ್ಕಂಡಿರ್ಬೇಕು ಕಣಪ್ಪ. ನೀನ್ ಹೆದರ್ದಿದ್ರೆ ನಾನೇ ಹೆದರ್ಬೇಕಾಯ್ತದೆ."

ಇಷ್ಟು ದಿನ ನನ್ನ ಪಾಲಿನ ಭಯವನ್ನೂ ಈ ಮುದುಕಿಯೇ ಹೊತ್ತು ಕೂತಿದ್ದಳಲ್ಲ ಎಂದು ನಾಚಿಕೆಯಾಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು. "ನಿಧಾನಕ್ಕೆ ಹೋಯ್ತೀನಿ, ಬಾರಮ್ಮ" ಎಂದು ಬೇಡಿಕೊಂಡೆ. ಸೆರಗು ಬಿಗಿದುಕೊಂಡು, "ಒಸಿ ದೂರ ನೋಡ್ತೀನಿ" ಎಂದು ಹತ್ತಿದಳು.

ಗುರುತಿಲ್ಲದ ಊರಿಗೆ ಬಂದವನಂತೆ ಎಡಬಲ ನೋಡುತ್ತ ಹೊರಟೆ. ಮುಂದಿನ ತಿರುವಿನಲ್ಲೇ ಗೋಡೆಯ ಮೇಲೆ ಗಿಳಿ, ಮಾವಿನಹಣ್ಣು ಬರೆದಿದ್ದ ಒಂದು ಕಟ್ಟಡ ಕಂಡಿತು. ವೇಗ ತಗ್ಗಿಸಿದೆ.

"ಇಲ್ಲಿ ಅಂಗನವಾಡಿ ಯಾವಾಗ ಬಂತಮ್ಮ?"

"ಹೋದ್ ವರ್ಸವೇ ಬಂತಲ್ಲಪ್ಪ. ದಿನಾ ಇಲ್ಲೇ ತಾನೆ ನೀನ್ ಓಡಾಡದು?"

ಗೇಟಿಲ್ಲದ ಅಂಗಳದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಅವರ ಪುಟ್ಟ ಚಪ್ಪಲಿಗಳು ರಸ್ತೆಯ ಅಂಚಿನವರೆಗೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.