ಹವಳ ತಿರುವಿದ ಕೈ

ಮನೆಮನೆಯ ಉಪ್ಪುನೀರಿನ ಅಕ್ವೇರಿಯಂ ನೋಡಿಕೊಳ್ಳುವುದು ನನ್ನ ಕೆಲಸ. ಹರಪನಹಳ್ಳಿಯ ಮೆಕ್ಕೆಜೋಳದ ಸಾಹುಕಾರರೊಬ್ಬರು ಫೋನ್ ಮಾಡಿ, "ನಮ್ಮ ಹವಳ ಮುದುಡಿಕೊಂಡು ಕುಂತೈತ್ರಿ, ಲಗೂನ ಬರ್ರಿ" ಎಂದಾಗ ಓಡಿದೆ. ಅವರ ತೊಟ್ಟಿಯಲ್ಲಿ ಆಗಲೇ ಎರಡು ಹವಳ ಸತ್ತಿದ್ದವು. ಇದು ಮೂರನೆಯದು, ಅಂಚೆಲ್ಲ ಬಿಳಿಚಿಕೊಂಡಿತ್ತು.

ನೀರು ಪರೀಕ್ಷಿಸಿದೆ, ಉಪ್ಪು ಅಳೆದೆ, ದೀಪ ನೋಡಿದೆ. ಎಲ್ಲವೂ ಸರಿ. ನನ್ನ ಪೆಟ್ಟಿಗೆಯ ಶೀಸೆಗಳೇ ಸುಳ್ಳು ಹೇಳುತ್ತಿವೆಯೇನೋ ಅನ್ನಿಸಿತು. ತಲೆ ಕೆರೆದುಕೊಳ್ಳುತ್ತ ಚಹಾ ಕುಡಿಯುತ್ತಿದ್ದಾಗ, ಸಾಹುಕಾರರು ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ, ಹವಳದ ಮಗ್ಗುಲು ಬದಲಿಸಿ ಕೂರಿಸಿದರು.

"ಏನ್ರೀ ಮಾಡಾಕತ್ತೀರಿ?"

"ತಿರುವಿ ಹಾಕ್ದೆ. ದಿನಕ್ಕ ನಾಕು ಸಲ ಹಾಕ್ತೀನ್ರಿ. ಒಂದ ಕಡಿ ಬೆಳಕು ಬಿದ್ರ ಇನ್ನೊಂದು ಕಡಿ ಬೂಸ್ಟು ಹಿಡಿತೈತಿ."

ಕಣದಲ್ಲಿ ಒಣಹಾಕಿದ ಮೆಕ್ಕೆಜೋಳಕ್ಕೆ ಮಾಡುವ ಉಪಚಾರವನ್ನೇ ಹವಳಕ್ಕೂ ಮಾಡುತ್ತಿದ್ದರು! ಅದು ಜೀವವಿರುವ ಪ್ರಾಣಿ, ಕೂತಲ್ಲೇ ಕಚ್ಚಿಕೊಂಡು ಬೆಳೆಯುತ್ತದೆ, ಒಂದು ತಿಂಗಳು ಮುಟ್ಟಲೇಬೇಡಿ ಎಂದೆ.

"ಕೈ ಸುಮ್ನಿರಂಗಿಲ್ರೀ," ಎಂದರು, ನಿಜವಾದ ಸಂಕಟದಿಂದ.

ಅವರ ಹೆಂಡತಿ ಒಳಗಿಂದ ಒಂದು ತಟ್ಟೆ ಹಸಿ ಮೆಕ್ಕೆಜೋಳದ ಕಾಳು ತಂದು ಗಾಜಿನ ಪಕ್ಕ ಇಟ್ಟರು. "ಇದನ್ನ ಎಷ್ಟು ಬೇಕಾದ್ರೂ ತಿರುವ್ರಿ."

ತಿಂಗಳು ಬಿಟ್ಟು ಹೋದೆ. ಹವಳ ಮೈತುಂಬ ಅರಳಿ, ನೀರಿನ ಓಟಕ್ಕೆ ತೂಗುತ್ತಿತ್ತು. ನನಗೆ ಕುಣಿಯುವಷ್ಟು ಖುಷಿ. "ಎಷ್ಟು ಚಂದ ಆಗೈತಿ ನೋಡ್ರಿ!" ಎಂದೆ.

ಸಾಹುಕಾರರು ತಟ್ಟೆಯಿಂದ ಒಂದು ಕಾಳು ಎತ್ತಿ, ಹಲ್ಲಿನಲ್ಲಿ ಕಟಕ್ಕೆಂದು ಕಡಿದು, ಹೆಮ್ಮೆಯಿಂದ ತಲೆಯಾಡಿಸಿದರು. "ಹೌದ್ರಿ, ಒಂದು ಚೂರೂ ತೇವಿಲ್ಲ."