ಹುಬಾರಾ ಹಕ್ಕಿಗೆ ನಾನೇ ಕಲ್ಲು ಹೊಡೆದೆ

ಭಾವನ ಮುಖ ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅಕ್ಕನ ಗಂಡ, ಇಲ್ಲಿ ಗಲ್ಫಿನಲ್ಲಿ ಅರ್ದಿಯಾದ ಗೋದಾಮೊಂದರಲ್ಲಿ ಸೂಪರ್‌ವೈಸರ್. ವೀಸಾ ಕೊಟ್ಟ ಅರಬ್ ಧಣಿ, ಅಂದರೆ ಕಫೀಲ್, ಕೆಮ್ಮಿದರೆ ನೀರು ಹಿಡಿದುಕೊಂಡು ಓಡುವ ಜನ.

ನಾನು ಫಿಂಟಾಸಿನಲ್ಲಿರುವವ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಶುಕ್ರವಾರ ಬಂತೆಂದರೆ ಬೈನಾಕ್ಯುಲರ್ ಹಿಡಿದು ಮರಳುಗಾಡಿಗೆ ಹಕ್ಕಿ ನೋಡಲು ಹೋಗುತ್ತೇನೆ. "ರಜೆಯಲ್ಲೂ ಬಿಸಿಲು ತಿನ್ಲಿಕ್ಕೆ ಎಂತ ಹುಚ್ಚು ಮಾರಾಯ ನಿಂಗೆ?" ಎಂದು ಊರಿನವರು ನಗುತ್ತಾರೆ. ನಗಲಿ. ಒಂಬತ್ತು ವರ್ಷ ಅಲೆದ ಮೇಲೆ ಕಳೆದ ಚಳಿಗಾಲ ಹುಬಾರಾ ಕಣ್ಣಿಗೆ ಬಿತ್ತು. ಕೋಳಿಗಿಂತ ದೊಡ್ಡದು, ಮರಳಿನದೇ ಬಣ್ಣ. ಗಿಡುಗ ಸಾಕಿ ಬೇಟೆಯಾಡುವವರಿಗೆ ಈ ಹಕ್ಕಿಯೆಂದರೆ ಪ್ರಾಣ. ಅದು ಗೊತ್ತಿದ್ದೂ ಫ್ಯಾಮಿಲಿ ಗ್ರೂಪಿಗೆ ಫೋಟೊ ಹಾಕಿದೆ. ಪಿಕ್ನಿಕ್ಕು, ಬರ್ತ್‌ಡೇ, ಎಲ್ಲದಕ್ಕೂ ಲೊಕೇಶನ್ ಕಳಿಸಿ ಕಳಿಸಿ ರೂಢಿಯಾದ ಕೈ, ಹಕ್ಕಿ ಇದ್ದ ಜಾಗದ್ದನ್ನೂ ಕಳಿಸಿಬಿಟ್ಟಿತು. ಥೂ, ನನ್ನ ಬುದ್ಧಿಗಿಷ್ಟು!

ಅದೇ ಸಂಜೆ ಅಕ್ಕ ಫೋನ್ ಮಾಡಿದಳು. "ಭಾವ ನಿನ್ನ ಹಕ್ಕಿಯ ಫೋಟೊ, ಲೊಕೇಶನ್ ಎರಡನ್ನೂ ಕಫೀಲಿಗೆ ಕಳಿಸಿದ್ರು. ಅವರಿಗೆ ಭಾರೀ ಖುಷಿಯಂತೆ. ನಾಳೆ ಬೆಳಿಗ್ಗೆಯೇ ಗಿಡುಗ ತಕೊಂಡು ಹೋಗ್ತಾರಂತೆ."

ಭಾವನಿಗೆ ಫೋನ್ ಮಾಡಿ ಕೂಗಾಡಿದೆ.

"ಒಂದು ಹಕ್ಕಿಗೆ ಎಷ್ಟು ಹಾರಾಡ್ತಿ! ನನ್ನ ಇಕಾಮಾ ಅವರ ಕೈಯಲ್ಲಿ ಉಂಟು" ಎಂದರು.

ಈ ಬೇಟೆಗೆ ಇಲ್ಲಿ ನಿಷೇಧ ಉಂಟು, ದೂರು ಕೊಡಬಹುದಿತ್ತು. ಕೊಡಲಿಲ್ಲ. ಈ ದೇಶದಲ್ಲಿರಲು ನನಗೂ ಅದೇ ಇಕಾಮಾ ಪರವಾನಗಿ ಬೇಕಲ್ಲ.

ಬೆಳಕು ಹರಿಯುವಾಗ ಅಲ್ಲಿದ್ದೆ. ಹಕ್ಕಿಯೂ ಇತ್ತು. ಹೆದರಿದರೆ ಅದು ಹಾರುವುದು ಕಡಿಮೆ, ನೆಲಕ್ಕಂಟಿ ಕೂರುತ್ತದೆ. ಕೂಗಿದೆ, ಚಪ್ಪಾಳೆ ತಟ್ಟಿದೆ, ಅಟ್ಟಿಸಿಕೊಂಡು ಹೋದೆ. ನಾಲ್ಕು ಹೆಜ್ಜೆ ಓಡಿ ಮತ್ತೆ ಕೂತಿತು. "ಹೋಗು, ಸಾಯ್ತಿ ನೀನು!" ಎಂದು ಕಲ್ಲೆತ್ತಿ ಹೊಡೆದೆ. ಎರಡನೆಯ ಕಲ್ಲು ರೆಕ್ಕೆಗೇ ತಾಗಿತು. ಅಯ್ಯೋ ದೇವರೇ ಎಂದು ನಾನು ಅತ್ತೇಬಿಟ್ಟೆ. ಹಕ್ಕಿ ಕಷ್ಟಪಟ್ಟು ಎದ್ದು ಹಾರಿ, ಹತ್ತಿರದ ದಿಬ್ಬದಾಚೆ ಇಳಿಯಿತು.

ಅಷ್ಟರಲ್ಲಿ ಜೀಪು ಬಂತು. ಕಫೀಲ್ ಗಿಡುಗವನ್ನು ಕೈಮೇಲೆ ಕೂರಿಸಿಕೊಂಡು ಇಳಿದ. ದಾರಿ ತೋರಿಸಲು ಬಂದಿದ್ದ ಭಾವನೂ ಇಳಿದರು. ಹಕ್ಕಿ ಎಲ್ಲಿ ಎಂದು ಕಫೀಲ್ ನನ್ನನ್ನು ಕೇಳಿದ.

"ನಿನ್ನೆಯೇ ಹೋಯಿತು, ಖಲಾಸ್" ಎಂದೆ.

ಅವನು ನಂಬಿದ. ಬೇಸರದಲ್ಲಿ ತಲೆಯಾಡಿಸಿ ಜೀಪಿನ ಕಡೆ ತಿರುಗಿದ.

ಜೀಪು ಬರುತ್ತಿದ್ದಾಗಲೇ ಭಾವ ತಮ್ಮ ಬದಿಯ ಕಿಟಕಿಯಿಂದ, ಹಕ್ಕಿ ದಿಬ್ಬದಾಚೆ ಇಳಿದದ್ದನ್ನು ನೋಡಿದ್ದರು. ನನ್ನ ಮುಖ ನೋಡದೆ, ಕೈಯೆತ್ತಿ ದಿಬ್ಬ ತೋರಿಸಿದರು.

ಕಫೀಲ್ ಗಿಡುಗದ ಕಣ್ಣಿನ ಮುಸುಕು ತೆಗೆದ. ನನ್ನ ಕಲ್ಲು ತಾಗಿದ ರೆಕ್ಕೆಯಲ್ಲಿ ಹುಬಾರಾ ಹೆಚ್ಚು ದೂರ ಹಾರಲಿಲ್ಲ.