ಕೆಂಡಮೂತಿಯ ವಕೀಲ

ನಂಜುಂಡಾಚಾರಿ ಮಕ್ಕಳ ಪುಸ್ತಕ ಓದುವಾಗ ಹಾಳೆಯನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಚಿಮಟದಲ್ಲಿ ಮೂಲೆ ಹಿಡಿದು, ಸತ್ತ ಹಾವಿನ ಬಾಲ ಎತ್ತುವವರಂತೆ ಎತ್ತಿ ಆ ಕಡೆಗೆ ಹಾಕುತ್ತಿದ್ದರು. ಎಡಗಣ್ಣಿಗೆ ಒಡವೆ ನೋಡುವ ಭೂತಗನ್ನಡಿ, ಬಲಗಣ್ಣು ಮುಚ್ಚಿ, ಕೆಳದುಟಿ ಹಲ್ಲಿನ ನಡುವೆ. ಮುಖಪುಟದಲ್ಲಿ ಕಿರೀಟ ಹಾಕಿಕೊಂಡ ಹಸಿರು ಕಪ್ಪೆಯೊಂದು ಹಲ್ಲು ಬಿಟ್ಟು ನಗುತ್ತಿತ್ತು. ಆಚಾರಿ ನಗುತ್ತಿರಲಿಲ್ಲ. ಪ್ರೀತಿಯಿಂದ ಓದುವವರನ್ನು ಕಂಡಿದ್ದೇನೆ, ಪರೀಕ್ಷೆಯ ಭಯಕ್ಕೆ ಓದುವವರನ್ನು ಕಂಡಿದ್ದೇನೆ. ದ್ವೇಷದಿಂದ, ಒಂದು ಸಾಲೂ ಬಿಡದೆ, ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಓದಿದವರು ನನ್ನ ಲೆಕ್ಕದಲ್ಲಿ ಇವರೊಬ್ಬರೇ.

ಕೆ.ಆರ್. ಪೇಟೆಯ ಪೇಟೆಬೀದಿಯಲ್ಲಿ ಅವರ ಅಕ್ಕಸಾಲೆ. ಅದರ ಮಗ್ಗುಲಿಗೆ ನನ್ನ ಮೊಬೈಲ್ ರಿಪೇರಿ ಅಂಗಡಿ. ಅಂಗಡಿ ಅಂದರೆ ಅತಿಶಯೋಕ್ತಿ; ಒಂದು ಶಟರು, ಅದರ ಹಿಂದೆ ನಾನು. ನಡುವೆ ಒಂದೇ ಗೋಡೆ. ಆಚೆಯಿಂದ ಸುತ್ತಿಗೆಯ ಟಿಕಟಿಕ, ಈಚೆಯಿಂದ ನನ್ನ ಮಿಮಿಕ್ರಿ. ನನಗೆ ಕಿಕ್ಕೇರಿ ಬಸ್ಸಿನ ಕಂಡಕ್ಟರು ಬರುತ್ತಾನೆ, ಮೊಟ್ಟೆ ಇಟ್ಟ ಕೋಳಿ ಬರುತ್ತದೆ, ಇಡದೆಯೇ ಇಟ್ಟೆನೆಂದು ಸುಳ್ಳು ಹೇಳುವ ಕೋಳಿಯೂ ಬರುತ್ತದೆ. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೇ ಅನುಮಾನ. ಆಚಾರಿಯನ್ನೂ ಮಾಡುತ್ತಿದ್ದೆ. ಒಂದು ದಿನ ಹಾಗೆ ಮಾಡಿ ಗಿರಾಕಿಗಳನ್ನು ನಗಿಸುತ್ತಿದ್ದಾಗ ಗೋಡೆಯಾಚೆಯಿಂದ ಕೂಗಿದರು.

“ಲೇ, ನನ್ ದನಿ ಮಾಡಕ್ಕೆ ಮೂಗು ಸಾಲ್ದು ಕಣ್ಲಾ. ಎದೇಲಿ ಉರಿ ಇರ್ಬೇಕು. ನಿನ್ನ ಎದೇಲಿರೋದು ಬರೀ ಗಾಳಿ.”

ಗಿರಾಕಿಗಳು ಅದಕ್ಕೇ ಹೆಚ್ಚು ನಕ್ಕರು. ಅಂದಿನಿಂದ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರಿಗಂತೂ ನನ್ನನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ನನಗೆ ಇನ್ನೊಂದು ಕಾಯಿಲೆಯಿದೆ. ‘ಮೂಕಗಂಟೆ’ ಅಂತ ಒಂದು ಮಕ್ಕಳ ಕತೆಯ ಮಾಲೆ. ಶಾಲೆಯಲ್ಲಿದ್ದಾಗ ಹಿಡಿದದ್ದು, ಮೀಸೆ ಬಂದ ಮೇಲೂ ಬಿಟ್ಟಿಲ್ಲ. ಕೆರೆಯ ತಳದಲ್ಲೊಂದು ಊರು. ಆ ಊರನ್ನು ಕಾಯುವುದು ಒಂದು ಬಂಗಾರದ ಗಂಟೆ. ಅದು ಮೊಳಗಿದರೆ ಕತ್ತಲೆಯ ಜನ ಹತ್ತಿರ ಸುಳಿಯುವುದಿಲ್ಲ. ಆದರೆ ಗಂಟೆ ಮೂಕವಾಗಿದೆ. ಅದನ್ನು ನೋಡಿಕೊಳ್ಳುವ ಅಕ್ಕಸಾಲಿ ಕೆಂಡಮೂತಿ ಬಂಗಾರ ಕದ್ದು ತಾಮ್ರ ಬೆರೆಸಿದ್ದಾನೆ. ಇರುಳಿ ಎಂಬ ಹುಡುಗಿ, ಗೊಟರ ಎಂಬ ಮಾತಾಡುವ ಕಪ್ಪೆ, ಇಬ್ಬರೂ ಕದ್ದ ಬಂಗಾರ ಹುಡುಕಿಕೊಂಡು ಹೊರಡುತ್ತಾರೆ. ನಾಲ್ಕು ಪುಸ್ತಕ ಬಂದಿತ್ತು, ಐದನೆಯದು ಕೊನೆಯದು ಅಂತ ಸುದ್ದಿಯಿತ್ತು. ನಮ್ಮದೊಂದು ವಾಟ್ಸಾಪ್ ಗುಂಪು. ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯ ನನ್ನಂಥ ದಡ್ಡ ದೊಡ್ಡವರೆಲ್ಲ ಅದರಲ್ಲಿ ಕಪ್ಪೆಯ ವಂಶಾವಳಿಯ ಬಗ್ಗೆ ಜಗಳವಾಡುತ್ತೇವೆ. ಶನಿವಾರ ಶಾಲೆಗಳಿಗೆ ಹೋಗಿ ನಾನು ಎಲ್ಲ ಪಾತ್ರಗಳ ದನಿಯಲ್ಲಿ ಓದಿ ಹೇಳುತ್ತೇನೆ.

ಆಚಾರಿಯ ಮೊಮ್ಮಗಳು ಚಂದನ ಅಂಥ ಒಂದು ಶಾಲೆಯಲ್ಲಿದ್ದಳು. ಒಂದು ಸಂಜೆ ಆಚಾರಿ ಅವಳ ರಟ್ಟೆ ಹಿಡಿದು ನನ್ನ ಅಂಗಡಿಯ ಮುಂದೆ ನಿಂತರು. ಅವಳ ಕೈಯಲ್ಲಿ ಸೊಟ್ಟಗಾದ ಜಾಮಿಟ್ರಿ ಡಬ್ಬಿ.

“ಏನಂದ್ರು ಅಂತ ಏಳವ್ವ ಇವ್ನಿಗೆ.”

“ಕೆಂಡಮೂತಿ ಮೊಮ್ಮಗಳು ಅಂದ್ರು. ಪೆನ್ಸಿಲ್ ಕಳೆದೋದ್ರೆ ನನ್ ಬ್ಯಾಗೇ ಮೊದ್ಲು ನೋಡ್ತಾರೆ.”

“ನೀನೇನ್ ಮಾಡ್ದೆ?”

“ಡಬ್ಬೀಲಿ ಹೊಡ್ದೆ.”

“ಅದು ಸರಿ,” ಎಂದು ಆಚಾರಿ ನನ್ನ ಕಡೆ ಕೈ ಚಾಚಿದರು. “ಕೊಡ್ಲಾ ಆ ಪುಸ್ತಕಗಳ. ಪೂರಾ ಓದ್ತೀನಿ. ಆಮ್ಯಾಕೆ ನಿನ್ನೂ ನೋಡ್ಕತೀನಿ, ಬರ್ದೋರ್ನೂ ನೋಡ್ಕತೀನಿ.”

“ತಾತ, ಅದು ಕಟ್ಟುಕತೆ.”

“ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತ ಗಾದೆ ಕಟ್ಟಿದ್ರಲ್ಲ, ಅದೂ ಕಟ್ಟಿದ್ದೇಯ.”

ಹೀಗೆ ಚಿಮಟದ ಓದು ಶುರುವಾಯಿತು. ಅಲ್ಲಿಯವರೆಗೆ ನಾನು ಗೋಡೆಗೆ ಕಿವಿಗೊಟ್ಟು ಸುತ್ತಿಗೆ ಕೇಳುತ್ತಿದ್ದೆ. ಈಗ ಮಧ್ಯಾಹ್ನ ಸುತ್ತಿಗೆ ನಿಂತು, “ಥೂ ನಿನ್ ಮನೆ ಕಾಯ್ವೋಗ!” ಎಂದು ಕೇಳಿಸುತ್ತಿತ್ತು. ಅಂದರೆ ಕೆಂಡಮೂತಿ ಬಂದ ಅಂತ ಅರ್ಥ.

ಅವರ ಅಂಗಡಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಅವರ ಸಿಟ್ಟು ಅರ್ಥವಾಗದು. ಬಂಗಾರ ಕರಗಿಸುವ ಅವರ ಕೆಂಡದ ಕುಂಪಟೆಯ ಎದುರಿಗೆ ಒಂದು ಹಲಸಿನ ಮಣೆಯಿತ್ತು, ಅವರಪ್ಪನ ಕಾಲದ್ದು. ಬಂಗಾರ ಕೊಟ್ಟವರು ಅದರ ಮೇಲೆ ಕೂರಬೇಕು. ಕರಗಿಸಿ, ಬಡಿದು, ಒಡವೆಯಾಗಿ ಕೈಗೆ ಬರುವವರೆಗೆ ಆಚಾರಿಯ ಬೆರಳಿಂದ ಕಣ್ಣು ತೆಗೆಯುವ ಹಾಗಿಲ್ಲ. ಶೀಳನೆರೆಯ ಬೋರಮ್ಮ ಮದುವೆಯಾದಾಗಿನಿಂದ ಆ ಮಣೆಯ ಮೇಲೆ ಕೂತಿದ್ದಾಳೆ. ಬುತ್ತಿ ಕಟ್ಟಿಕೊಂಡು ಬಂದು, ಮುದ್ದೆ ನುಂಗುವಾಗಲೂ ರೆಪ್ಪೆ ಹೊಡೆಯುವುದಿಲ್ಲ. ನಗುನಗುತ್ತ ಊರ ಸುದ್ದಿ ಹೇಳುತ್ತಾಳೆ, ಮಗಳ ಬಾಣಂತನ ಹೇಳುತ್ತಾಳೆ, ಕಣ್ಣು ಮಾತ್ರ ಪೊಲೀಸಿನವರದು. ಆಚಾರಿಯೂ ಕೊಳವೆ ಊದುತ್ತಲೇ ಹೂಂಗುಟ್ಟುತ್ತಾರೆ. ಅದರಲ್ಲಿ ಅವಮಾನವಿದೆ ಎಂದು ಇಬ್ಬರಿಗೂ ಅನ್ನಿಸಿದ್ದು ನಾನು ಕಾಣೆ. ಪುಸ್ತಕ ಓದುವವರೆಗೆ ಆಚಾರಿಗೂ ಅನ್ನಿಸಿರಲಿಕ್ಕಿಲ್ಲ.

ನಾಲ್ಕೂ ಮುಗಿದ ದಿನ ನನ್ನನ್ನು ಕರೆದು ಆ ಮಣೆಯ ಮೇಲೆ ಕೂರಿಸಿದರು.

“ಬಂಗಾರದ ಗಂಟೆ ಬಾರ್ಸಿದ್ರೆ ಎಂಗೆ ಸದ್ದು ಬತ್ತದೆ? ಮಾಡು, ನೀನು ಮಿಮಿಕ್ರಿಯೋನಲ್ವ.”

“ಢಣ್!” ಎಂದೆ, ಬೀದಿಯ ನಾಯಿ ಏಳುವ ಹಾಗೆ.

“ನಿನ್ ತಲೆ. ಚೊಕ್ಕ ಬಂಗಾರ ಮೆತ್ತಗಿರ್ತದೆ. ಥಪ್ ಅಂತದೆ, ಸಗಣಿ ಬಿದ್ದಂಗೆ. ತಾಮ್ರ ಬೆರ್ಸುದ್ರೇನೇ ಅದಕ್ಕೆ ಗಟ್ಟಿತನ, ಗಟ್ಟಿತನ ಬಂದ್ರೇನೇ ದನಿ. ಆ ಗಂಟೆ ಉಟ್ದಾಗ್ಲಿಂದ್ಲೂ ಮೂಗಿ ಕಣ್ಲಾ! ರಾಜ ಜಂಬಕ್ಕೆ ಚೂರೂ ಬೆರಕೆ ಇಲ್ದೆ ಮಾಡ್ಸವ್ನೆ. ಮೂರ್ನೇ ಪುಸ್ತಕದಾಗೆ ಅವ್ನೇ ಬಾಯಿಬಿಟ್ಟು ಏಳ್ತಾನೆ. ಮೊಳಗದೆ ಇರೋದು ನೋಡಿ ಕೆಂಡಮೂತಿ ಅದಕ್ಕೆ ದನಿ ಬರ್ಸಕ್ಕೆ ತಾಮ್ರ ಬೆರ್ಸೋಕೋದ. ಅರ್ಧದಲ್ಲಿ ಇಡ್ದು ಕಳ್ಳ ಅಂದ್ಬುಟ್ರು.”

“ಮೊದಲು ಮೊಳಗುತ್ತಿತ್ತು ಅಂತ ಬರೆದಿದೆಯಲ್ಲ ತಾತ.”

“ಯಾರು ಕೇಳವ್ರೆ? ತೋರ್ಸು. ಇರುಳಿ ಕೇಳವ್ಳಾ? ಅವ್ರಪ್ಪ ಕೇಳವ್ನಾ? ಎಲ್ಲಾ ‘ನಮ್ಮಜ್ಜಿ ಏಳ್ತಿದ್ಲು’ ಅಂತವ್ರೆ. ಕಿವಿಯಾರ ಕೇಳ್ದೋನು ನಾಕು ಪುಸ್ತಕದಾಗೂ ಒಬ್ನಿಲ್ಲ.”

ಅಂಗಡಿಗೆ ಬಂದು ಪುಟ ತಿರುವಿದೆ. ನಿಜ, ಒಬ್ಬನೂ ಇಲ್ಲ. ಆದರೆ ಸೋಲುವುದು ನನ್ನ ಜಾಯಮಾನವಲ್ಲ. ಮತ್ತೆ ಹೋಗಿ ಕೇಳಿದೆ: “ಮಂತ್ರದ ಲೋಕ ತಾತ ಅದು. ಕಪ್ಪೆ ಮಾತಾಡೋದನ್ನ ಒಪ್ಕೊಂಡ್ರಿ. ಬಂಗಾರದ ಗಂಟೆ ಮೊಳಗೋದು ಒಪ್ಪಕ್ಕಾಗಲ್ವಾ?”

ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು.

“ಕಪ್ಪೆ ಮಾತಾಡ್ತು ಅಂದ್ರೆ ನಮ್ಮೂರೋರು ನಂಬ್ತಾರೇನ್ಲಾ? ಮಕ್ಳೂ ನಂಬಕಿಲ್ಲ. ಅಕ್ಕಸಾಲಿ ಕದ್ದ ಅಂದ್ರೆ? ಪುಸ್ತಕ ತೆಗಿಯೋಕ್ ಮುಂಚೇನೇ ನಂಬವ್ರೆ. ಅದೊಂದೇ ಕಣ್ಲಾ ಈ ಪುಸ್ತಕದಾಗೆ ಮಂತ್ರ ಇಲ್ದೆ ಇರೋದು.”

ಈ ವಾದವನ್ನು ನಾನು ಗುಂಪಿಗೆ ಹಾಕಿದೆ. ಬೈಗುಳದ ಸುರಿಮಳೆಯಾಯಿತು. ನಾಗಮಂಗಲದ ಒಬ್ಬಾಕೆ “ಮಕ್ಕಳ ಕತೆಗೆ ತಕ್ಕಡಿ ಹಿಡಿಯುವವರು ಮೊದಲು ಹೋಗಿ ಮಲಗಿ” ಎಂದು ಬರೆದಳು. ಅದನ್ನು ಅವಳ ದನಿಯಲ್ಲೇ ಆಚಾರಿಗೆ ಓದಿ ಹೇಳಿದೆ. ಅವರಿಗೆ ಎಷ್ಟು ಹುರುಪು ಬಂತೆಂದರೆ, ಪಾಂಡವಪುರದ ಶಾಲೆಯೊಂದರಲ್ಲಿ ನಮ್ಮ ಗುಂಪು ಮಕ್ಕಳಿಗಾಗಿ ‘ಮೂಕಗಂಟೆ’ ದಿನ ಇಟ್ಟುಕೊಂಡಾಗ ತಾವೂ ಬರುತ್ತೇನೆಂದು ಹೊರಟರು. ಬಿಳಿ ಪಂಚೆ, ಇಸ್ತ್ರಿಯ ಅಂಗಿ, ಮೊಮ್ಮಗಳ ಕೈ. ಬಸ್ಸಿನಲ್ಲಿ ಚಿನಕುರಳಿ ದಾಟುವಾಗಲೂ ತುಟಿ ಅಲ್ಲಾಡುತ್ತಿತ್ತು. ಕೋರ್ಟಿಗೆ ಹೋಗುವ ವಕೀಲರನ್ನು ನಾನು ನೋಡಿಲ್ಲ. ಹಾಗೇ ಇರುತ್ತಾರೆಂದು ಊಹೆ.

ಅಲ್ಲಿ ಮಕ್ಕಳೆಲ್ಲ ರಟ್ಟಿನ ಕಿರೀಟ ಹಾಕಿಕೊಂಡು ಕಪ್ಪೆಗಳಾಗಿದ್ದರು. ಆಚಾರಿ ವೇದಿಕೆಯ ಮೇಲೆ ಒಂದು ಕಲ್ಲಿಟ್ಟು, ಜೇಬಿನ ಪೊಟ್ಟಣ ಬಿಚ್ಚಿ ಎರಡು ಗುಂಡು ತೆಗೆದರು. ತೀರಿಹೋದ ಹೆಂಡತಿಯ ಚೊಕ್ಕ ಬಂಗಾರದ ಗುಂಡೊಂದು, ತಾಮ್ರ ಬೆರೆತದ್ದೊಂದು. “ಕೇಳ್ರವ್ವಾ, ಕೇಳ್ರಪ್ಪಾ,” ಎಂದು ಮೊದಲನೆಯದನ್ನು ಬೀಳಿಸಿದರು. ಥಪ್. ಎರಡನೆಯದನ್ನು ಬೀಳಿಸಿದರು. ಟಿಣ್. ಸಣ್ಣ ಸದ್ದೇ, ಆದರೂ ಇಡೀ ಸಭೆ ಕೇಳಿಸಿಕೊಂಡಿತು. ಕಪ್ಪೆಗಳೆಲ್ಲ ಬಾಯಿ ತೆರೆದು ಕೂತವು. ಗೆದ್ದರು ಎಂದು ನನಗೆ ಹೊಟ್ಟೆ ಉರಿಯಿತು.

ಆಗ ಮುಂದಿನ ಸಾಲಿನ ಒಂದು ಕಪ್ಪೆ ಕೈ ಎತ್ತಿತು. “ತಾತ, ನಿಜವಾದ ಚಿನ್ನಾನಾ?”

“ನಿಜವಾದ್ದೇ ಕಣಪ್ಪ.”

“ಯಾರ್ ಮನೇದು?”

ಮಗು ಕುಹಕವಿಲ್ಲದೆ ಕೇಳಿತ್ತು. ನಕ್ಕವರು ಹಿಂದಿನ ಬೆಂಚಿನ ದೊಡ್ಡವರು. ಒಬ್ಬರು ಶುರುಮಾಡಿದರು, ಆಮೇಲೆ ಎಲ್ಲರೂ. ಆಚಾರಿ ಎರಡು ಗುಂಡನ್ನೂ ಪೊಟ್ಟಣಕ್ಕೆ ಹಾಕಿ ಕಟ್ಟಿದರು. ಕೆಳಗಿಳಿಯುವಾಗ ಚಂದನ ಜಾಮಿಟ್ರಿ ಡಬ್ಬಿಗಾಗಿ ಚೀಲಕ್ಕೆ ಕೈ ಹಾಕಿದ್ದಳು. “ಬ್ಯಾಡ ಬುಡವ್ವ,” ಎಂದರು, “ಎಷ್ಟ್ ಜನಕ್ಕೆ ಅಂತ ಒಡೀತೀಯ? ಕೊನೇ ಪುಸ್ತಕ ಬರ್ಲಿ. ಅದ್ರಾಗೆ ತೀರ್ಮಾನ ಆಯ್ತದೆ. ಬರ್ದೋರ್ಗೆ ಅಷ್ಟೂ ಗೊತ್ತಿರಕಿಲ್ವಾ?”

ನೋಡಿ, ಇದು ಅಭಿಮಾನವಲ್ಲದೆ ಇನ್ನೇನು? ನಾವೆಲ್ಲ ಕೊನೆಯ ಪುಸ್ತಕದಲ್ಲಿ ಕಪ್ಪೆ ರಾಜಕುಮಾರನಾಗುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದೆವು. ಅವರೊಬ್ಬರು ತೀರ್ಪಿಗೆ ಕಾದರು. ಗಲ್ಲು ಶಿಕ್ಷೆ ಕೊಟ್ಟವರೇ ಬಿಡುಗಡೆ ಮಾಡುತ್ತಾರೆಂದು ನಂಬಿ ಕಾದರು.

ಐದನೆಯದು ಬಂದಾಗ ನಾನು ಮೊದಲು ಓದಿದೆ. ಮುಗಿಸಿ ಕಣ್ಣು ಒರೆಸಿಕೊಂಡು, ಅವರ ಅಂಗಡಿಗೆ ನುಗ್ಗಿ ಹೇಳಿದೆ: “ತಾತ, ಖುಷಿ ಪಡಿ. ನಿಮ್ಮ ಕೆಂಡಮೂತಿ ಬಚಾವು!”

“ಬಾಯ್ ಮುಚ್ಕಂಡು ಅಲ್ಲಿ ಕೂತ್ಕ,” ಎಂದು ಮಣೆ ತೋರಿಸಿದರು. “ನೋಡ್ತಾ ಇರು. ಒಂದ್ ಸಾಲಾದ್ರೂ ಕದ್ರೆ ಇಡ್ಕ.”

ಅವರು ಓದುವುದನ್ನು ನಾನು ಕಾವಲು ಕೂತು ನೋಡಿದೆ. ಕೊನೆಯ ಅಧ್ಯಾಯಕ್ಕೆ ಬಂದಾಗ ಚಿಮಟ ನಿಂತಿತು. ಅಲ್ಲಿ ಕೆಂಡಮೂತಿ ಬಚ್ಚಿಟ್ಟ ಬಂಗಾರ ತಂದುಕೊಟ್ಟು ಇರುಳಿಯ ಕಾಲಿಗೆ ಬೀಳುತ್ತಾನೆ. ಅವಳು ಕ್ಷಮಿಸುತ್ತಾಳೆ. ಕಪ್ಪೆಯೂ ಕ್ಷಮಿಸುತ್ತದೆ. ಚೊಕ್ಕ ಬಂಗಾರದಲ್ಲಿ ಗಂಟೆಯನ್ನು ಮತ್ತೆ ಎರಕ ಹೊಯ್ಯುತ್ತಾರೆ, ಅದು ಕೆರೆ ನಡುಗುವ ಹಾಗೆ ಮೊಳಗುತ್ತದೆ. ನಮ್ಮ ಗುಂಪಿನಲ್ಲಿ ಆ ಪುಟಕ್ಕೆ ಅಳದವರಿಲ್ಲ.

ಆಚಾರಿ ಭೂತಗನ್ನಡಿ ಕಳಚಿದರು. ಕಣ್ಣಿನ ಸುತ್ತ ಅದರ ಕೆಂಪು ಉಂಗುರ.

“ಕ್ಷಮಿಸ್ಬುಟ್ರಂತೆ.”

“ಒಳ್ಳೇದೇ ಆಯ್ತಲ್ಲ ತಾತ.”

“ಮಾಡ್ದೆ ಇರೋ ತಪ್ಪಿಗೆ ಕ್ಷಮಿಸ್ಬುಟ್ರಂತೆ! ಗಲ್ಲಿಗ್ ಆಕಿದ್ರೆ ‘ಪಾಪ, ಯಾವತ್ತಾರ ನಿಜ ಗೊತ್ತಾಯ್ತದೆ’ ಅನ್ಬೋದಿತ್ತು. ಕ್ಷಮಿಸಿದ್ ಮ್ಯಾಲೆ ಇನ್ನೇನ್ಲಾ ಉಳೀತು? ಮುಗೀತು. ಅವ್ನು ಕಳ್ಳನೇಯ.” ಎದ್ದು ನಿಂತರು. “ಏಳು. ಮಣೆಯಿಂದ ಏಳ್ಲಾ.”

ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದರು. ಇನ್ನು ಯಾರೂ ಎದುರಿಗೆ ಕೂರುವ ಹಾಗಿಲ್ಲ. ನಂಬುವವರು ಚಿನ್ನ ಕೊಟ್ಟುಹೋಗಲಿ, ಆದ ಮೇಲೆ ಬಂದು ಒಯ್ಯಲಿ. ಎರಡು ತಲೆಮಾರಿನ ಪದ್ಧತಿ ಒಂದು ಮಧ್ಯಾಹ್ನ ನಿಂತಿತು, ಅದೂ ಕಪ್ಪೆಯ ಕತೆಯಿಂದ. ನಾನು ನಕ್ಕೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ.

ಬೋರಮ್ಮ ಬಂದಳು, ಮೊಮ್ಮಗಳಿಗೆ ಓಲೆ ಮಾಡಿಸಲು. ಅಭ್ಯಾಸದಂತೆ ಕೂರಲು ಹೋಗಿ, ಮಣೆಯಿಲ್ಲದೆ ತಡವರಿಸಿದಳು.

“ಇದೇನ್ ಆಚಾರಪ್ಪ? ನಿನ್ ಮ್ಯಾಲೆ ಅನುಮಾನ ಅಂತಲ್ಲ. ಕೂತ್ರೆ ನಂಗೊಂದ್ ಸಮಾಧಾನ.”

“ನಿಂಗೆ ಸಮಾಧಾನ ಕಣವ್ವ. ನಂಗೆ?”

“ಅಂಗಾರೆ ಶೋರೂಮ್ಗೇ ಓಯ್ತೀನಿ ಬುಡು.”

“ಓಗು. ಅಲ್ಲಿ ಯಾವನ್ ಎದುರ್ಗೆ ಕೂತ್ಕತೀಯೆ? ಮಾಡೋನ್ ಮೊಕಾನೂ ಕಾಣಕಿಲ್ಲ ನಿಂಗೆ.”

ಅವಳು ಹೋದಳು, ಕಣ್ಣೊರೆಸಿಕೊಂಡೇ ಹೋದಳು. ಅವಳ ಹಿಂದೆ ಶೀಳನೆರೆಯವರು, ಕಿಕ್ಕೇರಿಯವರು. “ಕೂರಕ್ಕೆ ಬಿಡಲ್ಲ ಅಂದ್ರೆ ಏನೋ ಇರ್ಬೇಕು” ಎಂದು ಬೀದಿ ಮಾತಾಡಿತು. ಗೋಡೆಯಾಚೆಯ ಟಿಕಟಿಕ ದಿನದಿಂದ ದಿನಕ್ಕೆ ತೆಳ್ಳಗಾಯಿತು. “ಮಣೆ ಹಾಕಿ ತಾತ, ಹಟ ಯಾಕೆ?” ಎಂದರೆ, “ನೀನು ಕಪ್ಪೆ ದನಿ ಮಾಡ್ಕಂಡ್ ಬಿದ್ದಿರು,” ಎನ್ನುತ್ತಿದ್ದರು.

ಕೊನೆಯ ಸಲ ಅವರೇ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ಮಣೆ, ಕೈಯಲ್ಲಿ ಕೆಟ್ಟ ಫೋನು.

“ಬಿಚ್ಚು. ನಾನು ಕೂತ್ ನೋಡ್ತೀನಿ.”

“ನಾಳೆ ಬನ್ನಿ ತಾತ, ಮಾಡಿಟ್ಟಿರ್ತೀನಿ.”

“ಒಳ್ಗಿನ ಸಾಮಾನು ಬದ್ಲಾಯಿಸ್ಬುಟ್ರೆ?”

ಮಣೆ ಹಾಕಿ ಕೂತೇಬಿಟ್ಟರು. ದಿನವೂ ಮಾಡುವ ಕೆಲಸ, ಕಣ್ಣು ಮುಚ್ಚಿ ಮಾಡುತ್ತೇನೆಂದು ಜಂಬ ಕೊಚ್ಚುವ ಕೆಲಸ. ಅವರು ನೋಡುತ್ತಿದ್ದರು. ಭೂತಗನ್ನಡಿಯೂ ಇರಲಿಲ್ಲ, ಬರಿಗಣ್ಣು. ನಾನು ಕಂಡಕ್ಟರಾದೆ, ಕೋಳಿಯಾದೆ. ಅವರ ಕಣ್ಣು ನನ್ನ ಬೆರಳಿಂದ ಏಳಲಿಲ್ಲ. ಬೆವರಿದೆ. ತಪ್ಪು ಮಾಡದೆಯೇ ತಪ್ಪು ಮಾಡಿದವನಂತೆ ಅವಸರಪಟ್ಟು ಸ್ಕ್ರೂ ಕೆಳಗೆ ಬೀಳಿಸಿದೆ. ಬಗ್ಗಿ ಹುಡುಕುವಾಗ, ಅದು ಸಿಕ್ಕಿದ್ದನ್ನು ಅವರಿಗೆ ಎತ್ತಿ ತೋರಿಸಿದೆ. ಯಾಕೆ ತೋರಿಸಿದೆ? ಯಾರೂ ಕೇಳಿರಲಿಲ್ಲ.

“ಊಂ,” ಎಂದರು ಆಚಾರಿ. ಫೋನು ಜೇಬಿಗಿಳಿಸಿ ಎದ್ದರು. ಮಣೆಯನ್ನು ಅಲ್ಲೇ ಬಿಟ್ಟು ಹೋದರು.

ಕಾರ್ತೀಕದಲ್ಲಿ ಎದೆನೋವೆಂದು ಮೈಸೂರಿಗೆ ಕರೆದೊಯ್ದರು. ಆಚಾರಿ ತಿರುಗಿ ಬರಲಿಲ್ಲ. ಗೋಡೆಯಾಚೆ ಈಗ ಜ್ಯೂಸಿನ ಅಂಗಡಿ. ಮಿಕ್ಸಿಯ ಸದ್ದನ್ನು ನಾನು ಚೆನ್ನಾಗಿಯೇ ಮಾಡುತ್ತೇನೆ.

ಚಂದನ ಹೈಸ್ಕೂಲಿಗೆ ಬಂದಿದ್ದಾಳೆ. ಮೊನ್ನೆ ಬಂದು ಮಣೆಯ ಮೇಲೆ ಕೂತು ಐದನೆಯ ಪುಸ್ತಕ ನನ್ನ ಮುಂದೆ ಹಾಕಿದಳು. “ಅಣ್ಣ, ಕಾಲಿಗ್ ಬೀಳೋ ಜಾಗ ಓದು. ತಾತನ್ ದನೀಲಿ.”

ಪುಟ ತೆಗೆದೆ. ಅಲ್ಲಿ ಬರೆದದ್ದು ಆ ದನಿಯಲ್ಲಿ ಹೊರಡಲಿಲ್ಲ. ಪುಸ್ತಕ ಮುಚ್ಚಿ, ಕೆಂಡಮೂತಿಯಾಗಿ ಆ ದನಿಯಲ್ಲೇ ಹೇಳಿದೆ: “ನಿಮ್ ಕ್ಷಮೆ ನೀವೇ ಮಡಿಕ್ಕಳಿ. ಆ ಗಂಟೆ ಬಾರ್ಸಿ ನೋಡಿ ಮೊದ್ಲು.”

ಅವಳು ಕೆಳದುಟಿ ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ ನನ್ನನ್ನು ಅಳೆದಳು.

“ಥೂ. ಇನ್ನೂ ಸಿಟ್ಟಾಗಿ ಕಣಣ್ಣ.”

ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು ಮತ್ತೆ ಶುರುಮಾಡಿದೆ.